ಊಜಿ ನೊಣಕ್ಕೊಂದು ಜೆಲ್, ಅಮ್ಮನಿಗೊಂದು ಬಾಟಲಿ

ಬೇಸಿಗೆಯಲ್ಲಿ ಕಾಮಕಸ್ತೂರಿ ಬೀಜ ನೆನೆಸಿ ಶರಬತ್ತಿಗೆ ಹಾಕಿಕೊಂಡು ಕುಡಿದಿರ್ತೀರಿ ಅಲ್ವಾ? ಹತ್ತು ನಿಮಿಷದಲ್ಲಿ ಆ ಕಪ್ಪು ಬೀಜದ ಸುತ್ತ ಪಾರದರ್ಶಕವಾದ ಒಂದು ಪದರ ಉಬ್ಬಿಕೊಳ್ಳುತ್ತೆ. ಬೆರಳಲ್ಲಿ ಒತ್ತಿದರೆ ಜಾರುತ್ತೆ, ಆದರೆ ನೀರು ಹೊರಗೆ ಹರಿಯಲ್ಲ. ಬೀಜದ ಸಿಪ್ಪೆಯಲ್ಲಿರುವ ಉದ್ದನೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗಿ, ಆ ಬಲೆಯೊಳಗೆ ನೀರನ್ನು ಹಿಡಿದಿಟ್ಟಿರುತ್ತವೆ. ಜೆಲ್ ಅಂದರೆ ಇಷ್ಟೇ. ಗಟ್ಟಿ ಮೊಸರೂ ಜೆಲ್ಲೇ, ಜಾಮೂ ಜೆಲ್ಲೇ.

ಈಗ ಆ ಬಲೆಯ ಉಂಡೆಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದು ಮಾಡಿ ಅಂದುಕೊಳ್ಳಿ. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರ್ ಇರುತ್ತೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೋಮೀಟರ್. ಕೆಲವು ಹತ್ತು ಅಥವಾ ಕೆಲವು ನೂರು ನ್ಯಾನೋಮೀಟರ್ ಗಾತ್ರದ ಜೆಲ್ ಉಂಡೆಗೆ ನ್ಯಾನೋಜೆಲ್ ಅಂತಾರೆ. ಈ ಹೆಸರು ಬಳಕೆಗೆ ಬಂದಿದ್ದು 1999ರ ಹೊತ್ತಿಗೆ, ಔಷಧ ಸಂಶೋಧನೆಯಲ್ಲಿ. ಆಮೇಲೆ ಆಹಾರ ಉದ್ಯಮಕ್ಕೂ ಕಾಲಿಟ್ಟಿತು.

ಈ ವಾರ ಇದನ್ನೇ ಯಾಕೆ ಬರೀತಿದ್ದೀನಿ ಅಂದ್ರೆ, ನಮ್ಮ ಮನೆಯಲ್ಲಿ ಎರಡು ಕಡೆ ಈ ಮಾತು ಬಂತು. ಮುಳಬಾಗಿಲಿನಲ್ಲಿ ಅಮ್ಮನ ಕೈಗೆ ಯಾರೋ ‘ನ್ಯಾನೋ ಅರಿಶಿನ’ದ ಬಾಟಲಿ ಕೊಟ್ಟಿದ್ದರು. ಶ್ರೀನಿವಾಸಪುರದ ಕಡೆ ತೋಟ ಇರುವ ನಮ್ಮ ದೊಡ್ಡಪ್ಪ, ಹಣ್ಣಿನಲ್ಲಿ ಹುಳ ಜಾಸ್ತಿಯಾಗಿದೆ, ಮಾವಿನ ಮರ ಕಡಿಸಿಬಿಡ್ತೀನಿ ಅಂತ ಕೂತಿದ್ದರು. ನಾನು ಬೆಂಗಳೂರಿನ ಒಂದು ಆಹಾರ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುವವಳು. ಹಾಗಾಗಿ ಇಬ್ಬರೂ ನನ್ನನ್ನೇ ಕೇಳಿದರು. ಇಬ್ಬರಿಗೂ ಹೇಳಬೇಕಾಗಿದ್ದ ಉತ್ತರ ಬೇರೆಬೇರೆ.

ಬಲೆ ಕಟ್ಟೋದು ಯಾಕೆ?

ಅರಿಶಿನದ ಕುರ್ಕ್ಯುಮಿನ್, ಟೊಮೆಟೊ ಕೆಂಪಿನ ಲೈಕೋಪೀನ್, ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್, ವಿಟಮಿನ್ ಡಿ: ಇವೆಲ್ಲ ಎಣ್ಣೆಗೆ ಒಗ್ಗುವ ವಸ್ತುಗಳು. ನೀರಿನಲ್ಲಿ ಕರಗಲ್ಲ. ಜ್ಯೂಸಿಗೋ ಕೆನೆ ತೆಗೆದ ಹಾಲಿಗೋ ಹಾಗೇ ಹಾಕಿದರೆ ತಳಕ್ಕೆ ಕೂರುತ್ತವೆ, ಇಲ್ಲವೇ ಮೇಲೆ ತೇಲುತ್ತವೆ. ಬೆಳಕು, ಗಾಳಿ, ಬಿಸಿ ತಾಗಿದರೆ ಇವುಗಳಲ್ಲಿ ಹಲವು ಬೇಗ ಹಾಳಾಗುತ್ತವೆ. ಹೊಟ್ಟೆಗೆ ಹೋದ ಮೇಲೂ ಒಂದಷ್ಟು ರಕ್ತಕ್ಕೆ ಸೇರದೆ ಹಾಗೇ ಹೊರಗೆ ಹೋಗಿಬಿಡುತ್ತೆ.

ನ್ಯಾನೋಜೆಲ್ ಇಲ್ಲಿ ಚೀಲದ ಕೆಲಸ ಮಾಡುತ್ತೆ. ಒಳಗೆ ಇಂಥ ವಸ್ತುವನ್ನು ಹಿಡಿದುಕೊಂಡು, ಹೊರಗೆ ನೀರಿನ ಜೊತೆ ಹೊಂದಿಕೊಂಡು ಇರುತ್ತೆ. ಹುಳಿ ಬದಲಾದಾಗ, ಬಿಸಿ ತಾಗಿದಾಗ ಅಥವಾ ಕರುಳಿನ ಕಿಣ್ವಗಳು ಚೀಲವನ್ನು ಕಡಿದಾಗ ಒಳಗಿನದ್ದನ್ನು ನಿಧಾನವಾಗಿ ಬಿಡುತ್ತೆ. ಹಿಡಿಯೋದು, ಕಾಪಾಡೋದು, ನಿಧಾನವಾಗಿ ಬಿಡೋದು, ಇಷ್ಟೇ ಅದರ ಕೆಲಸ. ಈ ಮೂರನ್ನು ನೆನಪಿಟ್ಟುಕೊಳ್ಳಿ, ತೋಟದ ಕಥೆಯಲ್ಲೂ ಬೇಕಾಗುತ್ತೆ.

ಮಾಡೋದು ಹೇಗೆ ಅಂದ್ರೆ, ದಾರಿ ಹಲವು. ಒಂದು, ಪ್ರೋಟೀನನ್ನು ಕಾಯಿಸೋದು. ಚೀಸ್ ಮಾಡಿದಾಗ ಉಳಿಯುವ ತಿಳಿಯ ಪ್ರೋಟೀನನ್ನು ನೀರಿನಲ್ಲಿ ತೆಳುವಾಗಿ ಕರಗಿಸಿ, ಪಿಎಚ್ 6ರ ಆಸುಪಾಸಿನಲ್ಲಿಟ್ಟು ಸುಮಾರು 85 ಡಿಗ್ರಿಗೆ ಕಾಯಿಸಿದರೆ, ಅದು ಗಡ್ಡೆ ಕಟ್ಟುವ ಬದಲು ಸಣ್ಣ ಸಣ್ಣ ಉಂಡೆಗಳಾಗುತ್ತೆ. ಹುಳಿಯ ಮಟ್ಟ ಸ್ವಲ್ಪ ತಪ್ಪಿದರೂ ಉಂಡೆಯ ಬದಲು ಮುದ್ದೆಯಾಗುತ್ತೆ. ಹಾಗಾಗಿ ಇಲ್ಲಿ ಅಳತೆಯೇ ಎಲ್ಲ.

ಎರಡನೆಯದು, ಎದುರು ವಿದ್ಯುದಂಶ ಇರುವ ಎರಡನ್ನು ಸೇರಿಸೋದು. ಕೋರಮಂಗಲದ ಕೆಫೆಯಲ್ಲಿ ಬಾಯಲ್ಲಿ ಪಟ್ ಅಂತ ಒಡೆಯುವ ಬೋಬಾ ಕುಡಿದಿದ್ದರೆ ನಿಮಗೆ ಅರ್ಥವಾಗುತ್ತೆ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್‌ಗೆ ಕ್ಯಾಲ್ಸಿಯಂ ತಾಗಿದ ಕೂಡಲೇ ಎಳೆಗಳು ಬಿಗಿದುಕೊಂಡು ಪೊರೆಯಾಗುತ್ತೆ. ಅದೇ ಕೆಲಸವನ್ನು ತೀರಾ ತೆಳು ದ್ರಾವಣದಲ್ಲಿ, ಜೋರಾಗಿ ಕಲಕುತ್ತಾ ಮಾಡಿದರೆ ಉಂಡೆ ನ್ಯಾನೋ ಗಾತ್ರಕ್ಕೆ ಇಳಿಯುತ್ತೆ. ಪೆಕ್ಟಿನ್, ಕೈಟೋಸಾನ್‌ಗಳಿಂದಲೂ ಹೀಗೆ ಮಾಡ್ತಾರೆ. ಅಂದಹಾಗೆ, ಕೈಟೋಸಾನ್ ಹೆಚ್ಚಾಗಿ ಬರೋದು ಸೀಗಡಿ, ಏಡಿಗಳ ಚಿಪ್ಪಿನಿಂದ. ಸಸ್ಯಾಹಾರಿಗಳು, ಸೀಗಡಿ ಅಲರ್ಜಿ ಇರುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೇದು.

ಇನ್ನೊಂದು ದಾರಿ ನಮಗಿಂತ ಮೊದಲೇ ಹಸುವಿಗೆ ಗೊತ್ತಿತ್ತು. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ 80ರಷ್ಟು ಕೇಸಿನ್. ಅದು ಹಾಲಿನಲ್ಲಿ ಸರಾಸರಿ 150 ನ್ಯಾನೋಮೀಟರಿನ ಆಸುಪಾಸಿನ ಉಂಡೆಗಳಾಗಿ ತೇಲುತ್ತಿರುತ್ತೆ, ಒಳಗೆ ಕ್ಯಾಲ್ಸಿಯಂ ಫಾಸ್ಫೇಟನ್ನು ಹೊತ್ತುಕೊಂಡು. ಕರುವಿಗೆ ಸುಣ್ಣದಂಶ ತಲುಪಿಸುವ ಚೀಲ ಅದು. ಹಾಲು ಬೆಳ್ಳಗೆ ಕಾಣೋದಕ್ಕೂ ಕೊಬ್ಬಿನ ಹನಿಗಳ ಜೊತೆ ಇವೇ ಕಾರಣ. 2007ರಲ್ಲಿ ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯ ತಂಡವೊಂದು ಇದೇ ಕೇಸಿನ್ ಉಂಡೆಯೊಳಗೆ ವಿಟಮಿನ್ ಡಿ ತುಂಬಿಸಿ ತೋರಿಸಿತು. ಬೆಳಗ್ಗೆ ಡೈರಿಗೆ ಕ್ಯಾನ್ ಹಿಡಿದು ಹೋಗುವ ನಮ್ಮ ಕೋಲಾರ ಜಿಲ್ಲೆಯ ಹೆಂಗಸರೆಲ್ಲ ದಿನಾ ನ್ಯಾನೋಜೆಲ್ಲನ್ನೇ ಅಳೆದು ಹಾಕ್ತಿದ್ದಾರೆ ಅಂದ್ರೆ ಅದು ಉತ್ಪ್ರೇಕ್ಷೆಯಲ್ಲ.

ಅಮ್ಮನ ಬಾಟಲಿ

ಅಮ್ಮನ ಬಾಟಲಿ ಅಂಗೈಗಿಂತ ಚಿಕ್ಕದು. ಬೆಲೆ 800 ರೂಪಾಯಿ. ಮಂಡಿನೋವಿಗೆ ದಿನಾ ಹತ್ತು ಹನಿ. “ಮಾಮೂಲಿ ಅರಿಶಿನ ಮೈಗೆ ಹತ್ತೋದೇ ಇಲ್ವಂತೆ, ಇದು ಪೂರ್ತಿ ಹತ್ತುತ್ತಂತೆ” ಅಂದರು ಅಮ್ಮ.

ಅರ್ಧ ಮಾತು ನಿಜ. ಕುರ್ಕ್ಯುಮಿನ್ ಒಂದೇ ತಿಂದರೆ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಇದಕ್ಕೆ ಸಂಬಂಧಿಸಿದ ಹೆಸರುವಾಸಿ ಪ್ರಯೋಗ ನಡೆದಿದ್ದು ನಮ್ಮ ಬೆಂಗಳೂರಿನಲ್ಲೇ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕುರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ಹೀರಿಕೆ 2,000 ಪ್ರತಿಶತ ಹೆಚ್ಚಿತು ಅಂತ ವರದಿ ಮಾಡಿದರು. ಕೇಳೋಕೆ ದೊಡ್ಡ ಸಂಖ್ಯೆ. ಆದರೆ ಮೊದಲಿಗೆ ಸೇರ್ತಿದ್ದಿದ್ದೇ ಹೆಚ್ಚೂಕಡಿಮೆ ಸೊನ್ನೆ ಅನ್ನೋದನ್ನ ಮರೀಬಾರದು.

ನ್ಯಾನೋಜೆಲ್, ನ್ಯಾನೋ ಎಮಲ್ಷನ್ ಇವೆಲ್ಲ ಅದೇ ಹೀರಿಕೆಯನ್ನು ಬೇರೆ ದಾರಿಯಲ್ಲಿ ಹೆಚ್ಚಿಸುವ ಪ್ರಯತ್ನ. ಅಮ್ಮನ ಬಾಟಲಿಯ ಮೇಲೆ ‘ನ್ಯಾನೋ’ ಅಂತ ದೊಡ್ಡದಾಗಿ ಇತ್ತು. ಒಳಗೆ ಯಾವ ಬಲೆ, ಯಾವುದರಿಂದ ಮಾಡಿದ್ದು, ಎಷ್ಟು ಮಿಲಿಗ್ರಾಂ ಕುರ್ಕ್ಯುಮಿನ್ ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಜಾಸ್ತಿ ಹೀರಿಕೊಂಡರೆ ಜಾಸ್ತಿ ಒಳ್ಳೇದು ಅಂತ ಯಾರೂ ಬರೆದುಕೊಟ್ಟಿಲ್ಲ. ಸಾರಿನಲ್ಲಿ ಹಾಕುವ ಚಿಟಿಕೆ ಅರಿಶಿನ ತಲೆಮಾರುಗಳಿಂದ ತಿಂದಿದ್ದೇವೆ. ಅದನ್ನೇ ಸಾಂದ್ರ ಮಾಡಿ, ರಕ್ತಕ್ಕೆ ಸುಲಭವಾಗಿ ಸೇರುವಂತೆ ಮಾಡಿದಾಗ ಅದು ಅಡುಗೆ ಸಾಮಾನಲ್ಲ, ಹೆಚ್ಚೂಕಡಿಮೆ ಔಷಧ. ಇಂಥ ಪೂರಕಗಳನ್ನು ತಿಂದ ಕೆಲವರಲ್ಲಿ ಯಕೃತ್ತಿನ ತೊಂದರೆ ವರದಿಯಾದ ಮೇಲೆ ಇಟಲಿ ಸರ್ಕಾರ 2022ರಲ್ಲಿ ಅರಿಶಿನದ ಪೂರಕಗಳ ಲೇಬಲ್ ಮೇಲೆ ಎಚ್ಚರಿಕೆ ಕಡ್ಡಾಯ ಮಾಡಿತು. ನಮ್ಮಮ್ಮ ಬಿಪಿಗೂ ಶುಗರಿಗೂ ಮಾತ್ರೆ ತಗೊಳ್ಳೋರು. ಬಾಟಲಿಯನ್ನು ಡಾಕ್ಟರಿಗೆ ತೋರಿಸೋವರೆಗೂ ಮುಟ್ಟಬೇಡಮ್ಮ ಅಂದೆ. ತೋರಿಸಿದರು. ಬೇಡ ಅಂದರಂತೆ. ಬಾಟಲಿ ಈಗ ದೇವರಮನೆಯ ಕಿಟಕಿಯಲ್ಲಿ ಧೂಳು ಹಿಡೀತಿದೆ. ಅಮ್ಮನ ಕೊರಗು ಮಂಡಿನೋವಲ್ಲ, 800 ರೂಪಾಯಿ.

ದೊಡ್ಡಪ್ಪನ ತೋಟ

ಇನ್ನು ತೋಟಕ್ಕೆ ಬರೋಣ. ಪತ್ರಿಕೆಗಳು ‘ಮಾವಿನ ಮಡಿಲು’ ಅಂತ ಬರೆಯುವ ಶ್ರೀನಿವಾಸಪುರದ ಕಡೆ ದೊಡ್ಡಪ್ಪನದು ನಾಲ್ಕು ಎಕರೆ. ಬಾದಾಮಿ, ಬೇನಿಷಾ, ಮಲ್ಲಿಕಾ, ಬದುವಿನುದ್ದಕ್ಕೂ ತೋತಾಪುರಿ. ಹೋದ ಜೂನಿನಲ್ಲಿ ಒಂದು ಬೇನಿಷಾ ಕೊಯ್ದು ಕೈಗಿಟ್ಟರು. “ಹೊರಗಿಂದ ನೋಡು, ಬಂಗಾರ ಇದ್ದಂಗೈತೆ. ಒಳಗೆ ನೋಡು ಕಣಮ್ಮಾ.” ಹೆಚ್ಚಿದರೆ ಓಟೆಯ ಸುತ್ತ ಬಿಳಿ ಹುಳ ಕುಣೀತಿದ್ದವು.

ಇದು ಹಣ್ಣುನೊಣದ ಕೆಲಸ. ನಮ್ಮ ಕಡೆ ರೈತರು ಊಜಿ ಅಂತಲೇ ಕರೀತಾರೆ. ವಿಜ್ಞಾನದ ಹೆಸರು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆಗೆ ಸೂಜಿಯಂಥ ಅಂಗ ಚುಚ್ಚಿ ಒಳಗೆ ಮೊಟ್ಟೆ ಇಡುತ್ತೆ. ಚುಚ್ಚಿದ ಗುರುತು ಮೊದಲಿಗೆ ಕಣ್ಣಿಗೆ ಬೀಳೋದೇ ಇಲ್ಲ. ಮರಿಹುಳ ತಿರುಳು ತಿಂದು, ಹಣ್ಣು ಉದುರಿದ ಮೇಲೆ ಮಣ್ಣಿಗಿಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಮೇಲೇಳುತ್ತೆ. ಮುಂಗಾರಿನ ಹನಿ ಬಿದ್ದರೆ ಕಾಟ ಇನ್ನೂ ಜಾಸ್ತಿ. ಹುಳ ಒಳಗಿರುವಾಗ ಮೇಲಿಂದ ಔಷಧಿ ಹೊಡೆದು ಏನು ಪ್ರಯೋಜನ? ಆ ಹಣ್ಣು ತಿನ್ನೋರು ನಾವೇ ಅಲ್ವಾ?

ಈ ಒಂದು ನೊಣ ದೇಶದ ವ್ಯಾಪಾರವನ್ನೇ ತಡೆದಿದೆ. ನಮ್ಮ ಹಣ್ಣು ತರಕಾರಿಯಲ್ಲಿ ಹಣ್ಣುನೊಣ ಸಿಕ್ಕಿತು ಅಂತ ಐರೋಪ್ಯ ಒಕ್ಕೂಟ 2014ರ ಮೇ 1ರಿಂದ ಭಾರತದ ಮಾವು, ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವನ್ನು ನಿಷೇಧಿಸಿತ್ತು. ಮಾವಿನ ನಿಷೇಧ ತೆರವಾಗಿದ್ದು 2015ರ ಜನವರಿಯಲ್ಲಿ. ರಫ್ತಿಗೆ ಹೋಗುವ ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಡುವ ವಿಧಾನ ಇದೆ, ಮೊಟ್ಟೆ ಹುಳ ಸಾಯಲಿ ಅಂತ. ಅದು ದೊಡ್ಡ ಪ್ಯಾಕ್‌ಹೌಸ್ ಇರುವವರಿಗೆ. ನಾಲ್ಕು ಎಕರೆಯವರಿಗೆ ತೋಟದಲ್ಲೇ ನೊಣವನ್ನು ತಡೆಯಬೇಕು.

ತಡೆಯುವ ಉಪಾಯ ಹಳೆಯದೇ: ಮೀಥೈಲ್ ಯೂಜಿನಾಲ್ ಅನ್ನುವ ವಾಸನೆ ವಸ್ತು. ತುಳಸಿಯಲ್ಲೂ ಇರುತ್ತೆ. ಗಂಡು ಹಣ್ಣುನೊಣಕ್ಕೆ ಇದರ ಹುಚ್ಚು. ಒಂದು ಪ್ಲೈವುಡ್ ತುಂಡನ್ನು ಇದರ ಜೊತೆ ಆಲ್ಕೋಹಾಲ್, ಕೀಟನಾಶಕ ಬೆರೆಸಿದ ದ್ರಾವಣದಲ್ಲಿ ನೆನೆಸಿ, ಡಬ್ಬಿಯೊಳಗೆ ತೂಗುಹಾಕಿದರೆ ಗಂಡುಗಳು ಬಂದು ಬಿದ್ದು ಸಾಯುತ್ತವೆ. ಗಂಡು ಕಡಿಮೆಯಾದರೆ ಮೊಟ್ಟೆ ಫಲಿಸೋದೂ ಕಡಿಮೆ. ಹಣ್ಣಿಗೆ ಒಂದು ಹನಿಯೂ ತಾಗಲ್ಲ.

ತೊಂದರೆ ಇಷ್ಟೇ: ಅದು ಆವಿಯಾಗಿ ಹೋಗುತ್ತೆ. ನಮ್ಮ ಬಯಲುಸೀಮೆಯ ಬಿಸಿಲು, ಗಾಳಿಗೆ ವಾಸನೆ ಬೇಗ ಇಳಿಯುತ್ತೆ, ಮತ್ತೆ ಮತ್ತೆ ತುಂಬಬೇಕು. ಸಾಗಿಸೋದು, ಇಟ್ಟುಕೊಳ್ಳೋದೂ ಕಷ್ಟ. ಹೊಸದರಲ್ಲಿ ಬಲೆ ಕಟ್ಟಿದ ಎಷ್ಟೋ ರೈತರು ಎರಡನೇ ಸಲ ತುಂಬೋಕೆ ಹೋಗೋದೇ ಇಲ್ಲ. ನಮ್ಮ ದೊಡ್ಡಪ್ಪನೂ ಅವರಲ್ಲೊಬ್ಬರು.

ಇಲ್ಲಿಗೆ ನ್ಯಾನೋಜೆಲ್ ಬರುತ್ತೆ. ಮುಳಬಾಗಿಲಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸಂತನು ಭಟ್ಟಾಚಾರ್ಯ, ಸುಮನ್ ಸಾಮಂತ ಮತ್ತು ಹೆಬ್ಬಾಳದ ಕೃಷಿ ಕೀಟ ಸಂಶೋಧನಾ ಬ್ಯೂರೋದ ದೀಪಾ ಭಗತ್ ಸೇರಿ ಇದೇ ಮೀಥೈಲ್ ಯೂಜಿನಾಲನ್ನು ಜೆಲ್ ಮಾಡಿದರು. 2013ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇದು ಉಂಡೆಗಳ ಜೆಲ್ ಅಲ್ಲ. ಕೆಲವು ಸಣ್ಣ ಅಣುಗಳು ತಾವಾಗಿಯೇ ಸಾಲುಗಟ್ಟಿ ನ್ಯಾನೋ ದಪ್ಪದ ಎಳೆಗಳಾಗುತ್ತವೆ, ಆ ಎಳೆಗಳ ಹೆಣಿಗೆಯಲ್ಲಿ ವಾಸನೆಯ ಎಣ್ಣೆ ಸಿಕ್ಕಿಕೊಳ್ಳುತ್ತೆ. ಕೈಯಲ್ಲಿ ಹಿಡಿಯಬಹುದಾದ ಜೆಲ್, ಒಳಗಿನ ಬಲೆ ಮಾತ್ರ ನ್ಯಾನೋ.

ಫಲ ಏನು? ಬಯಲಿನಲ್ಲಿಟ್ಟರೂ ಜೆಲ್ ಕೆಡಲಿಲ್ಲ. ವಾಸನೆ ಆವಿಯಾಗೋದು ಬಹಳ ನಿಧಾನವಾಯಿತು. ಫ್ರಿಜ್ ಇಲ್ಲದೆ ಸಾಗಿಸಬಹುದು, ಮತ್ತೆ ಮತ್ತೆ ತುಂಬುವ ಕೆಲಸ ಕಡಿಮೆ. ಸೀಬೆ ತೋಟದಲ್ಲಿ ಹಾಕಿ ನೋಡಿದಾಗ ನೊಣದ ಹತೋಟಿ ಚೆನ್ನಾಗಿ ಆಯಿತು. ಹಿಡಿಯೋದು, ಕಾಪಾಡೋದು, ನಿಧಾನವಾಗಿ ಬಿಡೋದು: ಕೆಲಸ ಅದೇ ಮೂರು. ಒಳಗೆ ಅರಿಶಿನದ ಬದಲು ನೊಣದ ಆಸೆ.

ನಾನು ಇದನ್ನು ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. “ಎಲ್ಲಿ ಸಿಗ್ತೈತಮ್ಮಾ?”

ಕೋಲಾರದಲ್ಲೊಂದು, ಶ್ರೀನಿವಾಸಪುರದಲ್ಲಿ ಎರಡು ಗೊಬ್ಬರದ ಅಂಗಡಿ ಕೇಳಿದೆ. ಸಿಕ್ಕಿದ್ದು ಪ್ಲೈವುಡ್ ತುಂಡಿನ ಬಲೆಯೇ. ಜೆಲ್ ಅಂದಾಗ ಅಂಗಡಿಯವರೊಬ್ಬರು ತಲೆಗೆ ಹಚ್ಚುವ ಜೆಲ್ ಅಂದುಕೊಂಡು ನಕ್ಕರು.

ಯೋಚಿಸಿ ನೋಡಿ. 800 ರೂಪಾಯಿಯ ‘ನ್ಯಾನೋ’ ಬಾಟಲಿ ಯಾರೂ ಕೇಳದೆ ನಮ್ಮ ಅಡುಗೆಮನೆಗೆ ಬಂತು. ಮರ ಉಳಿಸಬಹುದಾದ ಜೆಲ್ ಇಷ್ಟು ವರ್ಷವಾದರೂ ನಾನು ಕೇಳಿದ ಮೂರು ಅಂಗಡಿಗೆ ತಲುಪಿಲ್ಲ. ವಿಜ್ಞಾನದಲ್ಲಿ ಎರಡರ ನಡುವೆ ಅಂಥಾ ವ್ಯತ್ಯಾಸವಿಲ್ಲ. ಬಾಟಲಿಯ ಹಿಂದೆ ಲಾಭ ಲೆಕ್ಕ ಹಾಕಿದವರಿದ್ದಾರೆ. ಒಬ್ಬ ರೈತ ಒಂದು ಸುಗ್ಗಿಗೆ ಕೊಳ್ಳುವ ನಾಲ್ಕಾರು ಚಮಚ ಜೆಲ್ಲಿಗೆ ಅಷ್ಟು ಓಡಾಡುವವರು ಬೇಕಲ್ಲ.

ಜೆಲ್ ಬಂದರೂ ಎಲ್ಲ ಸರಿಹೋಗಲ್ಲ, ಅದೂ ನಿಜ. 2025ರ ಜೂನಿನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ಗಡಿಯಲ್ಲೇ ತಡೆದಾಗ ನಮ್ಮ ಕಡೆ ರೈತರು ಬೀದಿಗಿಳಿದಿದ್ದರು. ತಿರುಳು ಕಾರ್ಖಾನೆಗಳು ಇರೋದು ಆ ಕಡೆ, ಮರ ಇರೋದು ಈ ಕಡೆ. ಆ ಬೆಲೆಯ ಜಗಳಕ್ಕೆ ಯಾವ ಜೆಲ್ಲೂ ಮದ್ದಲ್ಲ. ಹುಳ ಇಲ್ಲದ ಹಣ್ಣಾದರೆ ತಿರುಳು ಕಾರ್ಖಾನೆಯೊಂದನ್ನೇ ನೆಚ್ಚಿಕೊಳ್ಳದೆ ಬೇರೆ ಮಾರುಕಟ್ಟೆಯನ್ನೂ ನೋಡಬಹುದು, ಅಷ್ಟು ಅನುಕೂಲ.

ಲೇಬಲ್ ತಿರುಗಿಸಿ ನೋಡಿ

ಆನ್‌ಲೈನಿನಲ್ಲಿ ಆರ್ಡರ್ ಮಾಡುವ ನಮ್ಮಂಥವರಿಗೆ ‘ನ್ಯಾನೋ’ ಅನ್ನುವ ಪದ ಇನ್ನು ಮುಂದೆ ಜಾಸ್ತಿ ಕಾಣುತ್ತೆ. ಹೆದರಬೇಕಾಗಿಲ್ಲ, ಮಾರುಹೋಗಬೇಕಾಗಿಯೂ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ, ಉದ್ದೇಶಪೂರ್ವಕವಾಗಿ ನ್ಯಾನೋ ರೂಪದಲ್ಲಿ ತಯಾರಿಸಿದ ಪದಾರ್ಥದ ಹೆಸರಿನ ನಂತರ ‘ನ್ಯಾನೋ’ ಅಂತ ಪಟ್ಟಿಯಲ್ಲಿ ನಮೂದಿಸಬೇಕು. ನಮ್ಮಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರ ಜುಲೈನಲ್ಲಿ ನ್ಯಾನೋ ಕೃಷಿ ಮತ್ತು ಆಹಾರ ಉತ್ಪನ್ನಗಳನ್ನು ಹೇಗೆ ಪರೀಕ್ಷಿಸಬೇಕು ಅನ್ನುವ ಮಾರ್ಗಸೂಚಿ ಹೊರಡಿಸಿತು.

ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ. ಒಳಗಿರುವ ವಸ್ತು ಯಾವುದು, ಎಷ್ಟು ಮಿಲಿಗ್ರಾಂ? ಅದನ್ನು ಹಿಡಿದಿರುವ ಬಲೆ ಯಾವುದರದ್ದು, ಹಾಲಿನದೋ, ಪಾಚಿಯದೋ, ಸೀಗಡಿ ಚಿಪ್ಪಿನದೋ? ಅದು ನನಗೆ ನಿಜವಾಗಿ ಕಡಿಮೆ ಇದೆ ಅಂತ ಡಾಕ್ಟರ್ ಹೇಳಿದ್ದಾರಾ? ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ತಯಾರಕರಿಗೆ ಪರವಾನಗಿ ಇದೆ ಅಂತ ಮಾತ್ರ ಹೇಳುತ್ತೆ. ಬಾಟಲಿಯ ಮೇಲಿನ ಮಾತೆಲ್ಲ ನಿಜ ಅಂತ ಹೇಳಲ್ಲ.

ಊರಿನಲ್ಲಿ ತೋಟ ಇರುವವರಿಗೆ ಇನ್ನೂ ಒಂದು ಮಾತು. ಬಲೆ ಒಬ್ಬರೇ ಕಟ್ಟಿದರೆ ಸಾಲದು. ಪಕ್ಕದ ತೋಟದಲ್ಲಿ ಗಂಡಿನ ಜೊತೆ ಕೂಡಿದ ಹೆಣ್ಣು ನೊಣ ಹಾರಿಬಂದು ನಿಮ್ಮ ಹಣ್ಣಿಗೇ ಮೊಟ್ಟೆ ಇಡುತ್ತೆ. ಸುತ್ತಲಿನವರೆಲ್ಲ ಒಟ್ಟಿಗೆ, ಕಾಯಿ ಬಲಿಯುವ ಮೊದಲೇ ಕಟ್ಟಬೇಕು. ಉದುರಿದ ಹಣ್ಣನ್ನು ಮರದ ಬುಡದಲ್ಲಿ ಕೊಳೆಯೋಕೆ ಬಿಡದೆ ಆರಿಸಿ ಆಳವಾಗಿ ಹೂಳಬೇಕು. ಎಕರೆಗೆ ಎಷ್ಟು ಬಲೆ, ಯಾವಾಗ ತುಂಬಬೇಕು ಅನ್ನೋದನ್ನ ಕೋಲಾರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಅಲ್ಲಿ ಹೋದಾಗ ಜೆಲ್ ರೂಪದ್ದು ಇದೆಯಾ ಅಂತಲೂ ಕೇಳಿ. ಹತ್ತು ಜನ ಕೇಳಿದರೆ ತಾನೇ ಯಾರಾದರೂ ತರಿಸೋದು.

ದೊಡ್ಡಪ್ಪ ಈ ಸಲ ಪಕ್ಕದ ಐದು ತೋಟದವರನ್ನು ಒಪ್ಪಿಸಿ ಪ್ಲೈವುಡ್ ಬಲೆಗಳನ್ನೇ ಕಟ್ಟಿಸಿದ್ದಾರೆ. ವಾಸನೆ ಇಳಿಯುವ ಹೊತ್ತಿಗೆ ಮತ್ತೆ ತುಂಬಿಸುವ ಜವಾಬ್ದಾರಿ ನನ್ನದು, ಅಂದರೆ ನನ್ನ ಫೋನಿನ ಅಲಾರಂದು. ಭಾನುವಾರ ಭಾನುವಾರ ಡಬ್ಬಿಯಲ್ಲಿ ಬಿದ್ದ ನೊಣ ಎಣಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸ್ತಾರೆ. ಮೊದಲ ವಾರ ಒಂದೇ ಡಬ್ಬಿಯಲ್ಲಿ 140. ಮರ ಕಡಿಯುವವನಿಗೆ ಕೊಡಬೇಕಾಗಿದ್ದ ಮುಂಗಡ ಇನ್ನೂ ಅವರ ಜೇಬಿನಲ್ಲೇ ಇದೆ.

ನಿಮ್ಮ ಊರಿನ ಕಡೆ ಯಾರಾದರೂ ಜೆಲ್ ರೂಪದ ಬಲೆ ಬಳಸಿದ್ದರೆ, ಎಲ್ಲಿ ಸಿಕ್ಕಿತು, ಎಷ್ಟು ದಿನ ಬಾಳಿತು ಅಂತ ದಯವಿಟ್ಟು ಬರೆದು ತಿಳಿಸಿ. ದೊಡ್ಡಪ್ಪ ಕೇಳ್ತಾನೇ ಇರ್ತಾರೆ.